ಆಟದ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ?

ಭದ್ರಾವತಿಯ ಪೇಪರ್ ಟೌನಿನಲ್ಲಿ ನಮ್ಮ ಹಳೆಯ ಮಿತ್ರರೊಬ್ಬರಿದ್ದಾರೆ. ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿದವರು. ೨೦೧೫ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತ ಮೇಲೆ ಸಣ್ಣದೊಂದು ದಿನಸಿ ಅಂಗಡಿ ಇಟ್ಟುಕೊಂಡು ಸಂಸಾರ ತೂಗಿಸುತ್ತಿದ್ದಾರೆ. ಮಗ ಡಿಪ್ಲೊಮಾ ಓದುತ್ತಿದ್ದಾನೆ. ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬಿಡಿ ಭಾಗಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಜೋಡಿಸಿದ್ದು. ಹಗಲು ಅದರಲ್ಲಿ ಅಂಗಡಿಯ ಲೆಕ್ಕ, ರಾತ್ರಿ ಹುಡುಗನ ಆಟ.

ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿಟ್ಟುಕೊಂಡು ಅಪ್ಪ ಮಗ ಇಬ್ಬರೂ ಶಿವಮೊಗ್ಗೆಯ ಒಂದು ಅಂಗಡಿಗೆ ಬಂದರು. ಅಂಗಡಿಯವನು ಮುಚ್ಚಳ ಸಹ ಬಿಚ್ಚಲಿಲ್ಲ. "ಇದರ ಕಾಲ ಮುಗಿಯಿತು. ವಿಂಡೋಸ್ ೧೧ ಇದಕ್ಕೆ ಹತ್ತುವುದಿಲ್ಲ. ಆಟ ಆಡಬೇಕೆಂದರೆ ಅರವತ್ತು ಸಾವಿರ ಇಟ್ಟು ಹೊಸದು ಒಯ್ಯಿರಿ" ಎಂದ. ಅಂದು ಸಂಜೆ ಆ ಮಿತ್ರರು ನಮ್ಮೆದುರು ಕುಳಿತು ಹೇಳಿದ ಮಾತು ಇದು: "ಮಿಲ್ಲಿಗೂ ಹೀಗೇ ಮುಗಿಯಿತು ಅಂದ್ರು ಮೇಷ್ಟ್ರೇ. ಮಿಷನ್ನು ಚೆನ್ನಾಗೇ ಓಡ್ತಿತ್ತು."

ಮಿತ್ರರೇ, ಈ ಮಾತಿಗೆ ಉತ್ತರ ಕೊಡುವುದಕ್ಕಾಗಿಯೇ ಈ ಲೇಖನ.

ಮುಗಿದದ್ದು ಯಾವುದು?

ಆ ಯಂತ್ರದಲ್ಲಿರುವುದು ಇಂಟೆಲ್ ಕಂಪನಿಯ ಆರನೇ ತಲೆಮಾರಿನ ಐ೫ ಪ್ರೊಸೆಸರ್, ೮ ಜಿ.ಬಿ. ಮೆಮೊರಿ, ಎ.ಎಂ.ಡಿ. ಕಂಪನಿಯ ಆರ್‌.ಎಕ್ಸ್. ೫೭೦ ಎಂಬ ಹಳೆಯ ಗ್ರಾಫಿಕ್ಸ್ ಕಾರ್ಡು. ಒಂದು ತಿರುಪೂ ಸಡಿಲವಾಗಿಲ್ಲ, ಒಂದು ತಂತಿಯೂ ಸುಟ್ಟಿಲ್ಲ. ಹಾಗಿದ್ದರೆ ಮುಗಿದದ್ದು ಯಾವುದು? ಮುಗಿದದ್ದು ಮೈಕ್ರೋಸಾಫ್ಟ್ ಕಂಪನಿಯ ಆಸಕ್ತಿ. ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಅದು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ಮನೆಬಳಕೆಯವರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ಭದ್ರತೆಯ ದುರಸ್ತಿಗಳನ್ನಷ್ಟೇ ಮುಂದುವರಿಸುವುದಾಗಿ ಹೇಳಿತು. ಅದಕ್ಕೂ ಕಂಪನಿಯ ಖಾತೆಯಲ್ಲಿ ಹೆಸರು ಬರೆಸಬೇಕು. ವಿಂಡೋಸ್ ೧೧ಕ್ಕೆ ಹೋಗೋಣವೆಂದರೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದೀಚೆಗಿನ ಪ್ರೊಸೆಸರ್ ಬೇಕು ಎಂಬ ಕಟ್ಟಳೆ. ಆರು, ಏಳನೇ ತಲೆಮಾರಿನ ಯಂತ್ರಗಳು ಓಡುತ್ತಿದ್ದರೂ ಪಂಕ್ತಿಯಿಂದಾಚೆ.

ಹೊಸದು ಕೊಳ್ಳಿರಿ ಎನ್ನುವುದು ಸುಲಭ. ೨೦೨೫ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದ ಪರಿ ನೋಡಿದವರಿಗೆ ಆ ಮಾತಿನ ಭಾರ ಗೊತ್ತು. ದೊಡ್ಡ ಕಂಪನಿಗಳು ತಮ್ಮ ದತ್ತಾಂಶ ಕೇಂದ್ರಗಳಿಗಾಗಿ ಚಿಪ್ಪುಗಳನ್ನು ರಾಶಿ ರಾಶಿಯಾಗಿ ಎತ್ತಿಕೊಂಡವು. ಅದರ ಬಿಸಿ ನೆಹರೂ ರಸ್ತೆಯ ಗಿರಾಕಿಗೂ ತಟ್ಟಿತು.

"ಅನ್ನಕ್ಕೆ ಹೋರಾಡುವ ಪತ್ರಿಕೆಗೆ ಹುಡುಗರ ಆಟದ ಗೊಡವೆ ಏಕೆ?" ಎಂದು ಹುಬ್ಬೇರಿಸುವ ಗಂಭೀರ ಮಿತ್ರರೂ ಇದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಎಂಟು ಗಂಟೆ ದುಡಿಮೆ ಎಂದು ಕಾರ್ಮಿಕರು ಜಗಳವಾಡಿದ್ದು ಉಳಿದ ಹೊತ್ತು ತಮ್ಮದಾಗಬೇಕೆಂದಲ್ಲವೇ? ಆ ಹೊತ್ತಿನಲ್ಲಿ ಆಡುವ ಆಟಕ್ಕೂ ಕಂದಾಯ ವಸೂಲಿ ಮಾಡುವವನು ಬಂದು ಕುಳಿತರೆ ಸುಮ್ಮನಿರಬೇಕೆ?

ಇನ್ನೊಂದು ದಾರಿ

ಇನ್ನೊಂದು ದಾರಿ ಇದೆ; ಅದರ ಹೆಸರು ಲಿನಕ್ಸ್. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ಬರೆಯತೊಡಗಿದ. ಅದಕ್ಕೂ ಮೊದಲೇ, ೧೯೮೩ರಲ್ಲಿ, ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದ್ದ. ತಂತ್ರಾಂಶದ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ತನ್ನ ತಿದ್ದುಪಡಿಯನ್ನೂ ಬಚ್ಚಿಡುವಂತಿಲ್ಲ. ಇದು ಆ ಚಳವಳಿ ಬರೆದುಕೊಂಡ ಲೈಸೆನ್ಸಿನ ಸಾರ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇದರ ಮೇಲೆಯೇ.

ಈ ತಿರುಳಿಗೆ ಬೇರೆ ಬೇರೆ ಗುಂಪಿನವರು ಬೇರೆ ಬೇರೆ ಸಾಮಗ್ರಿ ಸೇರಿಸಿ, ಅನುಸ್ಥಾಪಿಸಲು ಸಿದ್ಧಮಾಡಿ ಕೊಡುತ್ತಾರೆ. ಅದನ್ನೇ ಹುಡುಗರು ಡಿಸ್ಟ್ರೋ ಎನ್ನುತ್ತಾರೆ. ಅಕ್ಕಿ ಒಂದೇ, ಒಬ್ಬರು ಚಿತ್ರಾನ್ನ ಮಾಡುತ್ತಾರೆ, ಇನ್ನೊಬ್ಬರು ಪುಳಿಯೋಗರೆ. ಆಟಕ್ಕೆಂದೇ ಬೇಯಿಸಿದ ಡಿಸ್ಟ್ರೋಗಳೂ ಈಗ ಹಲವಿವೆ.

"ಲಿನಕ್ಸಿನಲ್ಲಿ ಆಟ ಓಡುವುದಿಲ್ಲ" ಎಂಬ ಮಾತು ಹತ್ತು ವರ್ಷದ ಹಿಂದೆ ಹೆಚ್ಚುಕಡಿಮೆ ನಿಜವಾಗಿತ್ತು. ವಿಂಡೋಸಿನ ತಂತ್ರಾಂಶವನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಎಂಬ ಸಾಧನವನ್ನು ೧೯೯೩ರಿಂದಲೂ ಜನ ಕಟ್ಟುತ್ತಲೇ ಬಂದಿದ್ದರು. ಸ್ಟೀಮ್ ಎಂಬ ಆಟದ ಮಳಿಗೆಯ ಒಡೆಯರಾದ ವಾಲ್ವ್ ಕಂಪನಿಯವರು ಆ ಕಟ್ಟಡದ ಮೇಲೆಯೇ ೨೦೧೮ರಲ್ಲಿ ಪ್ರೋಟಾನ್ ಎಂಬ ಸಾಧನವನ್ನು ತಂದರು. ೨೦೨೨ರಲ್ಲಿ ಲಿನಕ್ಸ್ ಮೇಲೆ ಓಡುವ ಸ್ಟೀಮ್ ಡೆಕ್ ಎಂಬ ಕೈಯಂತ್ರವನ್ನು ಮಾರುಕಟ್ಟೆಗೆ ಬಿಟ್ಟರು. ಅಲ್ಲಿಂದ ಗಾಳಿ ತಿರುಗಿತು. ಸ್ಟೀಮ್ ಬಳಸುವವರಲ್ಲಿ ಲಿನಕ್ಸಿನವರ ಪಾಲು ನೂರಕ್ಕೆ ಮೂರನ್ನು ದಾಟಿದ್ದು ೨೦೨೫ರ ಅಕ್ಟೋಬರಿನಲ್ಲಿ. ಮೂರು ಎಂದರೆ ಸಣ್ಣ ಸಂಖ್ಯೆ. ಆದರೆ ವಿಂಡೋಸ್ ೧೦ರ ಬಾಗಿಲು ಮುಚ್ಚಿದ ತಿಂಗಳೂ ಅದೇ ಎಂಬುದನ್ನು ಗಮನಿಸಿರಿ.

ಯಾವುದು ಮೇಲು?

ಈಗ ಹುಡುಗರ ಜಗಳಕ್ಕೆ ಬರೋಣ. ದುರ್ಗಿಗುಡಿಯ ಚಹಾದಂಗಡಿಯಲ್ಲಿ ಕುಳಿತರೆ ಒಬ್ಬ ಕ್ಯಾಚಿ ಎನ್ನುತ್ತಾನೆ, ಇನ್ನೊಬ್ಬ ಬಜೈಟ್ ಎನ್ನುತ್ತಾನೆ, ಮತ್ತೊಬ್ಬ ನೋಬಾರಾ ಎಂದು ಮೇಜು ಕುಟ್ಟುತ್ತಾನೆ. ಯಾವುದು ಹೆಚ್ಚು ವೇಗ ಎಂಬುದೇ ಎಲ್ಲರ ವಾದ. ನಾವು ಮೊದಲೇ ಹೇಳಿಬಿಡುತ್ತೇವೆ: ಇದು ಪೊಳ್ಳು ಜಗಳ. ತಿರುಳು ಅದೇ, ಗ್ರಾಫಿಕ್ಸಿನ ಮೆಸಾ ಅದೇ, ಪ್ರೋಟಾನ್ ಅದೇ. ಒಂದೇ ಯಂತ್ರದಲ್ಲಿ ಒಂದೇ ಆಟವನ್ನು ಓಡಿಸಿದರೆ ಇವುಗಳ ನಡುವಿನ ಅಂತರ ಬಹುಪಾಲು ಕಣ್ಣಿಗೆ ಕಾಣದಷ್ಟು. ನಿಜವಾದ ಅಂತರ ಇರುವುದು ಬೇರೆ ಕಡೆ. ಕೆಟ್ಟರೆ ರಿಪೇರಿ ಹೇಗೆ? ನಡೆಸುತ್ತಿರುವವರು ಎಷ್ಟು ಜನ? ನಿಮ್ಮ ಹಳೆಯ ಕಾರ್ಡನ್ನು ಅದು ಕೈಬಿಡುತ್ತದೆಯೇ? ಈ ಮೂರು ಪ್ರಶ್ನೆಗಳಿಂದ ಒಂದೊಂದನ್ನೂ ಅಳೆಯೋಣ.

ಬಜೈಟ್: ಫೆಡೋರಾ ಎಂಬ ಹಳೆಯ ಡಿಸ್ಟ್ರೋವಿನ ತಳಹದಿಯ ಮೇಲೆ ೨೦೨೩ರಲ್ಲಿ ಬಂದದ್ದು. ಇದರ ಮುಖ್ಯ ಭಾಗವನ್ನು ಬಳಕೆದಾರ ಆಕಸ್ಮಿಕವಾಗಿಯೂ ಕೆಡಿಸಲಾರ; ಅದು ಓದಲಷ್ಟೇ ತೆರೆದಿರುತ್ತದೆ. ನವೀಕರಣ ಬಂದರೆ ಇಡೀ ವ್ಯವಸ್ಥೆಯೇ ಹೊಸ ಪಡಿಯಚ್ಚಾಗಿ ಬರುತ್ತದೆ, ಹಳೆಯ ಪಡಿಯಚ್ಚು ಪಕ್ಕದಲ್ಲೇ ಉಳಿದಿರುತ್ತದೆ. ಹೊಸದು ತೊಂದರೆ ಕೊಟ್ಟರೆ ಯಂತ್ರ ಹೊತ್ತಿಸುವಾಗ ಹಳೆಯದನ್ನು ಆರಿಸಿಕೊಂಡರಾಯಿತು. ಬಿಚ್ಚಿ ನೋಡುವ ಹುಚ್ಚಿರುವ ಹುಡುಗನಿಗೆ ಇದು ಕೈಕಟ್ಟಿದಂತೆ ಎನಿಸೀತು. ಡೌನ್‌ಲೋಡೂ ದೊಡ್ಡದು, ಮೊಬೈಲ್ ಡೇಟಾದ ಮೇಲೆ ಬದುಕುವವರು ಯೋಚಿಸಬೇಕು.

ನೋಬಾರಾ: ಇದೂ ಫೆಡೋರಾದಿಂದಲೇ ಬಂದದ್ದು. ಪ್ರೋಟಾನಿನ ಸುಧಾರಿತ ರೂಪವೊಂದನ್ನು ಜನರಿಗೆ ಕೊಡುತ್ತ ಬಂದ ಥಾಮಸ್ ಕ್ರೈಡರ್ ಎಂಬುವರು ಕಟ್ಟಿದ್ದು. ಆಟಕ್ಕೂ ವೀಡಿಯೊ ರೆಕಾರ್ಡಿಂಗಿಗೂ ಬೇಕಾದ ಸಾಮಗ್ರಿಯನ್ನೆಲ್ಲ ಮೊದಲೇ ಹಾಕಿಟ್ಟಿರುತ್ತಾರೆ. ಕೆಲಸ ಅಚ್ಚುಕಟ್ಟು. ಆದರೆ ಭಾರವೆಲ್ಲ ಒಬ್ಬರ ಮತ್ತು ಒಂದು ಸಣ್ಣ ಗುಂಪಿನ ಹೆಗಲ ಮೇಲೆ. ಹೆಗಲು ದಣಿದರೆ? ಸಂಘ ಕಟ್ಟಿದವರಿಗೆ ಈ ಪ್ರಶ್ನೆಯ ಅರ್ಥ ಬೇಗ ಆಗುತ್ತದೆ.

ಕ್ಯಾಚಿ: ಆರ್ಚ್ ಎಂಬ ಡಿಸ್ಟ್ರೋವಿನ ಮೇಲೆ ಕಟ್ಟಿದ್ದು. ಹೊಸ ಪ್ರೊಸೆಸರುಗಳ ಸಾಮರ್ಥ್ಯಕ್ಕೆ ತಕ್ಕಂತೆ ತಂತ್ರಾಂಶಗಳನ್ನು ಮತ್ತೆ ಹದಗೊಳಿಸಿ ಕೊಡುವುದು ಇದರ ಹೆಗ್ಗಳಿಕೆ. ಹೊಸ ಯಂತ್ರವಿದ್ದವರಿಗೆ ಒಂದಿಷ್ಟು ಲಾಭ. ಹಳೆಯ ಯಂತ್ರಕ್ಕೆ ಅಷ್ಟು ಲಾಭವಿಲ್ಲ. ನವೀಕರಣ ಹೊಳೆಯಂತೆ ಹರಿಯುತ್ತಲೇ ಇರುತ್ತದೆ. ಈಜು ಬಲ್ಲವನಿಗೆ ಸುಖ, ಬಾರದವನಿಗೆ ಭಯ.

ಗರುಡ: ಇದನ್ನು ೨೦೨೦ರಲ್ಲಿ ಆರಂಭಿಸಿದವರಲ್ಲಿ ನಮ್ಮ ದೇಶದವರಿದ್ದಾರೆಂಬುದು ಸಂತೋಷದ ಸಂಗತಿ. ಇದೂ ಆರ್ಚಿನ ಮಗುವೇ. ನವೀಕರಣಕ್ಕೆ ಮುಂಚೆ ವ್ಯವಸ್ಥೆಯ ನೆನಪಿನ ಚಿತ್ರ ತೆಗೆದಿಟ್ಟು, ಕೆಟ್ಟರೆ ಹಿಂದಕ್ಕೆ ಹೋಗುವ ಸೌಕರ್ಯ ಇದರಲ್ಲಿಯೂ ಇದೆ. ಆದರೆ ಅದರ ಆಟದ ಆವೃತ್ತಿಯ ಮಿಂಚು ಅಲಂಕಾರಗಳು ಸಣ್ಣ ಯಂತ್ರಕ್ಕೆ ಭಾರ. ನಮ್ಮ ದೇಶದ್ದೆಂಬ ಅಭಿಮಾನ ನಾಲ್ಕು ಜಿ.ಬಿ. ಮೆಮೊರಿಯನ್ನು ಎಂಟು ಮಾಡಲಾರದು.

ಪಾಪ್ ಓ.ಎಸ್.: ಅಮೆರಿಕದಲ್ಲಿ ಲಿನಕ್ಸ್ ಕಂಪ್ಯೂಟರ್ ಮಾರುವ ಸಿಸ್ಟಮ್೭೬ ಎಂಬ ಕಂಪನಿಯದು. ಎನ್ವಿಡಿಯಾ ಕಾರ್ಡಿರುವವರಿಗಾಗಿ ಚಾಲಕ ತಂತ್ರಾಂಶವನ್ನು ಮೊದಲೇ ಸೇರಿಸಿದ ಪ್ರತಿ ಸಿಗುತ್ತದೆ. ೨೦೨೫ರ ಡಿಸೆಂಬರಿನಲ್ಲಿ ತನ್ನ ಮುಖವನ್ನೇ ಪೂರಾ ಬದಲಾಯಿಸಿಕೊಂಡಿತು. ಹೊಸ ಮನೆಗೆ ಹೊಕ್ಕವರು ಒಂದೆರಡು ಕಡೆ ಹಸಿ ಗಾರೆ ಮುಟ್ಟಬೇಕಾದೀತು.

ಸ್ಟೀಮ್ ಓ.ಎಸ್.: ವಾಲ್ವ್ ಕಂಪನಿಯದೇ. ಕೈಯಂತ್ರಗಳಿಗೆಂದು, ಎ.ಎಂ.ಡಿ. ಚಿಪ್ಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಎನ್ವಿಡಿಯಾ ಕಾರ್ಡಿನ ಹಳೆಯ ಮೇಜಿನ ಯಂತ್ರಕ್ಕೆ ಇದನ್ನು ಹೊಂದಿಸಲು ಹೋಗುವುದು ವ್ಯರ್ಥ ಶ್ರಮ.

ಇನ್ನು ಕಾರ್ಡಿನ ಮಾತು. ನಮ್ಮ ಊರುಗಳಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ತಿರುಗುವ ಎನ್ವಿಡಿಯಾದ ಜಿ.ಟಿ.ಎಕ್ಸ್. ೭೫೦, ೯೦೦, ೧೦೦೦ ಸಾಲಿನ ಕಾರ್ಡುಗಳಿಗೆ ೫೮೦ ಎಂಬ ಚಾಲಕ ತಂತ್ರಾಂಶದ ಸಾಲೇ ಕೊನೆಯದೆಂದು ಆ ಕಂಪನಿ ಹೇಳಿತು. ೨೦೨೫ರ ಡಿಸೆಂಬರಿನಲ್ಲಿ ಆರ್ಚ್ ಮುಂದಿನ ೫೯೦ಕ್ಕೆ ಹೊರಳಿದಾಗ ಹಳೆಯ ಕಾರ್ಡಿನವರು ತಾವಾಗಿಯೇ ಹಳೆಯ ಸಾಲಿಗೆ ಹಿಂದಿರುಗಬೇಕಾಯಿತು. ಎ.ಎಂ.ಡಿ. ಕಾರ್ಡಿನ ಚಾಲಕ ತಂತ್ರಾಂಶ ಬಯಲಲ್ಲಿರುವುದರಿಂದ, ಕಂಪನಿ ಮರೆತರೂ ಜನ ಅದನ್ನು ಉಳಿಸಿಕೊಂಡು ಬರುತ್ತಾರೆ. ಮೂಲ ಬರಹ ಬಯಲಲ್ಲಿರುವುದಕ್ಕೂ ಪೆಟ್ಟಿಗೆಯಲ್ಲಿರುವುದಕ್ಕೂ ವ್ಯತ್ಯಾಸವೇನೆಂದು ಕೇಳುವವರಿಗೆ ಈ ಎರಡು ಕಾರ್ಡುಗಳೇ ಪಾಠ.

ಒಟ್ಟು ನಮ್ಮ ಅಭಿಪ್ರಾಯ ಹೀಗೆ. ೮ ಜಿ.ಬಿ. ಮೆಮೊರಿ, ಎ.ಎಂ.ಡಿ. ಕಾರ್ಡು, ಮನೆಯಲ್ಲಿ ರಿಪೇರಿ ಬಲ್ಲವರಿಲ್ಲ ಎಂದಾದರೆ ಬಜೈಟ್. ಕಲಿಯುವ ಹಂಬಲವಿದ್ದು, ಕೆಟ್ಟರೆ ಭಾನುವಾರ ಕೂತು ಸರಿಮಾಡುವೆನೆನ್ನುವ ವಿದ್ಯಾರ್ಥಿಗೆ ಕ್ಯಾಚಿ. ನಾಲ್ಕು ಜಿ.ಬಿ.ಯ ಮುದಿ ಯಂತ್ರಕ್ಕೆ ಆಟದ ಹಣೆಪಟ್ಟಿಯ ಯಾವುದೂ ಬೇಡ. ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌.ಎಫ್‌.ಸಿ.ಇ. ಆವೃತ್ತಿ ಸಾಕು. ಬೇರೆ ಕಾರ್ಡಿಲ್ಲದ ನಾಲ್ಕನೇ ತಲೆಮಾರಿನ ಇಂಟೆಲ್ ಯಂತ್ರದಲ್ಲಿ ಹೊಸ ದೊಡ್ಡ ಆಟ ಓಡಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರೋಟಾನ್ ನೆಚ್ಚಿಕೊಂಡಿರುವ ವಲ್ಕನ್ ಎಂಬ ಗ್ರಾಫಿಕ್ಸ್ ವಿಧಾನಕ್ಕೆ ಬೇಕಾದಷ್ಟು ಕಸುವು ಆ ಚಿಪ್ಪಿನಲ್ಲಿಲ್ಲ. ಯಾವ ಡಿಸ್ಟ್ರೋವೂ ಪವಾಡ ಮಾಡದು.

ಮುಚ್ಚಿದ ಬಾಗಿಲುಗಳು

ಸತ್ಯವನ್ನು ಅರ್ಧ ಹೇಳಿ ಜನರನ್ನು ಕರೆದೊಯ್ಯುವುದು ನಮ್ಮ ಪದ್ಧತಿಯಲ್ಲ. ಲಿನಕ್ಸಿಗೆ ಬಂದರೆ ಕೆಲವು ಆಟಗಳು ಕೈಬಿಟ್ಟು ಹೋಗುತ್ತವೆ. ವ್ಯಾಲರಂಟ್ ಓಡುವುದಿಲ್ಲ. ಫೋರ್ಟ್‌ನೈಟ್ ಓಡುವುದಿಲ್ಲ. ಅಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು. ೨೦೨೪ರ ಅಕ್ಟೋಬರ್ ಕೊನೆಗೆ ಕಂಪನಿಯವರೇ ಬಾಗಿಲು ಹಾಕಿದರು. ಜಿ.ಟಿ.ಎ. ಆನ್‌ಲೈನಿನ ಗತಿಯೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾಗೆಯೇ ಆಯಿತು. ಕೌಂಟರ್‌ಸ್ಟ್ರೈಕ್ ೨, ಡೋಟಾ ೨ ನೇರವಾಗಿಯೇ ಓಡುತ್ತವೆ. ಒಬ್ಬನೇ ಕುಳಿತು ಆಡುವ ಆಟಗಳಲ್ಲಿ ಬಹುಪಾಲು ಪ್ರೋಟಾನಿನಲ್ಲಿ ನಡೆಯುತ್ತವೆ.

ಬಾಗಿಲು ಹಾಕಿದ್ದೇಕೆ? ಮೋಸದಾಟ ತಡೆಯಲು ಎನ್ನುತ್ತಾರೆ. ಮೋಸ ತಡೆಯಬೇಕು, ನಿಜ. ಆದರೆ ತಡೆಯುವ ಬಗೆ ನೋಡಿ: ವಿಂಡೋಸಿನ ಒಳಕೋಣೆಗೇ ತಮ್ಮ ಕಾವಲುಗಾರನನ್ನು ನುಗ್ಗಿಸಿ, ನಿಮ್ಮ ಯಂತ್ರವನ್ನೆಲ್ಲ ಅವನು ಜಾಲಾಡಬೇಕು, ಅವನು ಏನು ನೋಡುತ್ತಾನೆಂದು ನೀವು ನೋಡುವಂತಿಲ್ಲ. ಲಿನಕ್ಸ್ ಇದಕ್ಕೆ ಒಗ್ಗದು, ಆದ್ದರಿಂದ ಲಿನಕ್ಸಿನವನಿಗೆ ಆಟವಿಲ್ಲ. ಈಸಿ ಆಂಟಿಚೀಟ್, ಬ್ಯಾಟಲ್‌ಐ ಎಂಬ ಎರಡು ದೊಡ್ಡ ಕಾವಲು ವ್ಯವಸ್ಥೆಗಳು ಪ್ರೋಟಾನಿನ ಜೊತೆ ಕೆಲಸ ಮಾಡಲು ೨೦೨೧ರಲ್ಲೇ ಒಪ್ಪಿದವು. ಕೀಲಿ ತಿರುಗಿಸುವುದು ಆಯಾ ಆಟದ ಒಡೆಯನಿಗೆ ಬಿಟ್ಟದ್ದು. ಹಲವರು ತಿರುಗಿಸಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಕಥೆಯಲ್ಲ. ೧೯೫೧ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಬರಿಯ ಭತ್ತದ್ದಾಗಿರಲಿಲ್ಲ, ಭತ್ತ ಅಳೆಯುವ ಕೊಳಗದ್ದೂ ಆಗಿತ್ತು. ಕೊಳಗ ಧಣಿಯ ಮನೆಯದು. ಅದರ ಗಾತ್ರ ಅವನು ಹೇಳಿದಷ್ಟು. ಅಳತೆಯನ್ನು ಬಯಲಿಗೆ ತನ್ನಿ ಎಂದದ್ದೇ ಅಪರಾಧವಾಯಿತು. ಇಂದು ಯಂತ್ರದೊಳಗೆ ಕುಳಿತ ಕಾಣದ ಕಾವಲುಗಾರನೂ ಧಣಿಯ ಕೊಳಗವೇ.

ಸಣ್ಣ ವ್ಯಾಪಾರಿಗಳಿಗೆ ಇನ್ನೊಂದು ತೊಡಕು. ಗಾಂಧಿ ಬಜಾರಿನ ಅಂಗಡಿಗಳ ಲೆಕ್ಕ ನಡೆಯುವುದು ಟ್ಯಾಲಿಯ ಮೇಲೆ, ಟ್ಯಾಲಿ ಮಾಡಿರುವುದು ವಿಂಡೋಸಿಗೆ. ಹಳೆಯ ನುಡಿ ಅಕ್ಷರದಲ್ಲಿ ಕರಪತ್ರ ಮಾಡುವ ಡಿ.ಟಿ.ಪಿ. ಅಂಗಡಿಯವರ ಪಾಡೂ ಅದೇ. ಯೂನಿಕೋಡ್ ಕನ್ನಡವಾದರೆ ತೊಂದರೆಯಿಲ್ಲ, ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಮೊದಲಿಂದಲೇ ಇದೆ. ಹಗಲು ಲೆಕ್ಕ, ರಾತ್ರಿ ಆಟ ಎನ್ನುವ ಮನೆಯವರು ಒಂದೇ ಡಿಸ್ಕಿನಲ್ಲಿ ಎರಡನ್ನೂ ತುರುಕಬೇಡಿ. ಸಣ್ಣ ಎಸ್.ಎಸ್.ಡಿ. ಒಂದನ್ನು ಬೇರೆ ಹಾಕಿಸಿ ಲಿನಕ್ಸನ್ನು ಅದರಲ್ಲಿಡಿ. ಮಗನ ಆಟಕ್ಕಾಗಿ ಅಪ್ಪನ ಜಿ.ಎಸ್.ಟಿ. ಲೆಕ್ಕ ಅಳಿಸಿಹೋದರೆ ಆ ಮನೆಯಲ್ಲಿ ಲಿನಕ್ಸಿನ ಹೆಸರೆತ್ತುವಂತಿರುವುದಿಲ್ಲ.

"ಇಷ್ಟೆಲ್ಲ ಏಕೆ, ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಆಟ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ಬೀಗ ಮುರಿದು ಕೊಟ್ಟವನು ಕಿಟಕಿಯನ್ನೂ ತೆರೆದಿಟ್ಟು ಹೋಗಿರಬಹುದು. ಆ ಯಂತ್ರದಲ್ಲೇ ಅಲ್ಲವೇ ನಿಮ್ಮ ಬ್ಯಾಂಕಿನ ವ್ಯವಹಾರ?

ಹೊಸ ಧಣಿಯ ಮೇಲೂ ಕಣ್ಣಿರಲಿ

ಲಿನಕ್ಸಿನ ಕೆಲವು ಭಕ್ತರು ವಾಲ್ವ್ ಕಂಪನಿಯನ್ನು ಉದ್ಧಾರಕನೆಂದು ಕೊಂಡಾಡುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ಅದು ಪ್ರೋಟಾನಿಗೆ ಹಣ ಸುರಿದದ್ದು ಧರ್ಮಕ್ಕಲ್ಲ. ಮೈಕ್ರೋಸಾಫ್ಟ್ ತನ್ನದೇ ಮಳಿಗೆ ತೆರೆದು ತನ್ನ ಕತ್ತು ಹಿಚುಕೀತೆಂಬ ಭಯ ಅದಕ್ಕಿತ್ತು. ಸ್ಟೀಮಿನಲ್ಲಿ ಮಾರಾಟವಾಗುವ ಆಟದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಮಳಿಗೆಯ ಪಾಲು. ಅಡಿಕೆ ಮಂಡಿಯ ದಲ್ಲಾಳಿ ಇಷ್ಟು ಕೇಳಿದರೆ ಬೆಳೆಗಾರರು ಸುಮ್ಮನಿರುತ್ತಾರೆಯೇ? ನೀವು ಕೊಳ್ಳುವುದು ಆಟವನ್ನಲ್ಲ, ಆಡುವ ಅನುಮತಿಯನ್ನು ಮಾತ್ರ ಎಂದು ೨೦೨೪ರ ಅಕ್ಟೋಬರಿನಿಂದ ಆ ಮಳಿಗೆಯೇ ಬರೆದು ತೋರಿಸತೊಡಗಿದೆ. ಹಣ ಕೊಟ್ಟು ಕೊಂಡದ್ದು ನಮ್ಮದಲ್ಲ! ಇದು ಯಾವ ಸೀಮೆಯ ವ್ಯಾಪಾರ?

ಆದರೂ ಒಂದು ವ್ಯತ್ಯಾಸವಿದೆ. ಪ್ರೋಟಾನಿನ ಮೂಲ ಬರಹ ಬಯಲಲ್ಲಿದೆ. ನಾಳೆ ವಾಲ್ವ್ ಮುನಿಸಿಕೊಂಡರೂ ಕಟ್ಟಿದ್ದನ್ನು ಹೊತ್ತೊಯ್ಯಲಾರದು. ಪೂರ್ತಿ ಸ್ವತಂತ್ರವಾದ ಆಟಗಳೂ ಇವೆ. ಸೂಪರ್‌ಟಕ್ಸ್‌ಕಾರ್ಟ್, ಬ್ಯಾಟಲ್ ಫಾರ್ ವೆಸ್ನಾತ್ ಮುಂತಾದವುಗಳಿಗೆ ಯಾರಿಗೂ ಬಿಡಿಗಾಸು ಕೊಡಬೇಕಿಲ್ಲ. ಜೀರೋ ಎ.ಡಿ. ಎಂಬ ಯುದ್ಧದಾಟದಲ್ಲಿ ಹುಡುಗರು ಮೌರ್ಯರ ಸೈನ್ಯವನ್ನೇ ನಡೆಸಬಹುದು, ನಾಲ್ಕು ಜಿ.ಬಿ.ಯ ಯಂತ್ರದಲ್ಲೂ ಸಣ್ಣ ಕಾಳಗ ನಡೆದೀತು.

ಮಾತಿಗೆ ಬೆಲೆಯಿರುವ ಕಡೆ

ಕೊನೆಯದಾಗಿ ಒಂದು ಪ್ರಸಂಗ. ೨೦೨೫ರ ಜೂನಿನಲ್ಲಿ ಫೆಡೋರಾದವರ ಮುಂದೆ ಒಂದು ಪ್ರಸ್ತಾವ ಬಂತು: ೩೨ ಬಿಟ್ಟಿನ ಹಳೆಯ ತಂತ್ರಾಂಶ ಸಾಮಗ್ರಿಯನ್ನು ಮುಂದೆ ಕೊಡುವುದು ಬೇಡ ಎಂದು. ಸ್ಟೀಮೂ ಹಳೆಯ ಆಟಗಳೂ ನಿಂತಿದ್ದು ಅದರ ಮೇಲೆಯೇ. ಅದು ಜಾರಿಗೆ ಬಂದರೆ ಬಜೈಟನ್ನೇ ಮುಚ್ಚಬೇಕಾದೀತೆಂದು ಅದರ ಸ್ಥಾಪಕರು ಬಹಿರಂಗವಾಗಿ ಹೇಳಿದರು. ಬಳಸುವವರೂ ಕಟ್ಟುವವರೂ ದನಿ ಎತ್ತಿದರು. ಆ ತಿಂಗಳು ಮುಗಿಯುವುದರೊಳಗೆ ಪ್ರಸ್ತಾವವನ್ನು ಹಿಂದಕ್ಕೆ ಪಡೆದರು.

ಇದನ್ನು ನಮ್ಮ ಊರಿನ ಅನುಭವದ ಪಕ್ಕದಲ್ಲಿಡಿ. ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ೨೦೨೩ರ ಜನವರಿಯಲ್ಲಿ ಹೊರಬಿದ್ದಾಗ ಭದ್ರಾವತಿಯವರನ್ನು ಕೇಳಿದವರುಂಟೆ? ವಿಂಡೋಸ್ ೧೦ರ ಬೆಂಬಲ ನಿಲ್ಲಿಸುವಾಗ ಪೇಪರ್ ಟೌನಿನ ಹುಡುಗನನ್ನು ಕೇಳಿದವರುಂಟೆ? ಡಿಸ್ಟ್ರೋ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೇ ಮಿತ್ರರೇ. ನಾಳೆ ಇದನ್ನು ನಿಲ್ಲಿಸುವುದಾದರೆ ನನ್ನ ಮಾತು ಎಲ್ಲಿಯಾದರೂ ಕೇಳಿಸೀತೇ? ಯಾರೂ ಕೇಳದಿದ್ದರೆ ನನ್ನ ಪ್ರತಿಯನ್ನು ನಾನೇ ನಡೆಸಿಕೊಂಡು ಹೋಗಬಹುದೇ?

ಆ ಹುಡುಗನ ಯಂತ್ರದ ಕಥೆ ಹೇಳಿ ಮುಗಿಸುತ್ತೇವೆ. ಮೊದಲು ಗೆಳೆಯನ ಮಾತು ಕೇಳಿ ಏನನ್ನೋ ಹಾಕಿಕೊಂಡ. ಎರಡನೇ ವಾರ ನವೀಕರಣದ ಸೂಚನೆ ಓದದೆ ಗುಂಡಿ ಒತ್ತಿ ಪರದೆ ಕಪ್ಪಾಗಿಸಿಕೊಂಡ. ತಪ್ಪು ಅವನದೇ, ಆದರೆ ತಪ್ಪು ಮಾಡಿದರೂ ಎದ್ದು ನಿಲ್ಲುವ ವ್ಯವಸ್ಥೆ ಬೇಕಿತ್ತು. ಅಂಗಡಿಯ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟು, ಬೇರೆ ಡಿಸ್ಕಿನಲ್ಲಿ ಬಜೈಟ್ ಹಾಕಿದೆವು. ಒಂದು ಭಾನುವಾರ ಹಿಡಿಯಿತು. ಇಂದೂ ಅದು ನಡೆಯುತ್ತಿದೆ. ವ್ಯಾಲರಂಟ್ ಇಲ್ಲವೆಂದು ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ; ಈಗ ಅವನೇ ಬೀದಿಯ ಇನ್ನಿಬ್ಬರಿಗೆ ಹಾಕಿಕೊಟ್ಟಿದ್ದಾನೆ.

ಅರವತ್ತು ಸಾವಿರ ಉಳಿಯಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಅಂದದ್ದು ಒಂದೇ ಮಾತು: "ಮಿಷನ್ನು ಚೆನ್ನಾಗಿದ್ರೆ ಓಡಿಸೋರು ನಾವೇ ಆಗ್ಬೇಕು, ಮೇಷ್ಟ್ರೇ."